ಡಬ್ಬಿಯ ಎರಡನೇ ಖಾನೆಯನ್ನು ನಾವು ಬಿಟ್ಟುಕೊಡಬಾರದು



ನಾವು ನಾಲ್ಕು ಜನ ಹೋಟೆಲಿನವರು ಸೇರಿದರೆ ಮಾತು ಗ್ಯಾಸ್ ದರ, ಕೆಲಸದವರ ಕೊರತೆ, ಕಟ್ಟಡದ ಬಾಡಿಗೆ, ಮೊಬೈಲ್ ಆರ್ಡರ್ ಕಂಪನಿಗಳ ಕಮಿಷನ್, ಇಷ್ಟರಲ್ಲೇ ಮುಗಿಯುತ್ತದೆ. ಇವೆಲ್ಲ ದೊಡ್ಡ ವಿಷಯಗಳೇ, ಇಲ್ಲ ಅನ್ನುವುದಿಲ್ಲ. ಈ ಸಲ ನಾವು ಬರೆಯಲು ಹೊರಟಿರುವುದು ನಲವತ್ತು ಗ್ರಾಂ ತೂಕದ ಒಂದು ಸಣ್ಣ ವಿಷಯ. ಶಾಲೆಗೆ ಹೋಗುವ ಮಕ್ಕಳ ಡಬ್ಬಿಗೆ ಓಟ್ಸ್ ಮತ್ತು ಹಣ್ಣು ಸೇರಿಸಿ ಬೇಯಿಸಿದ ಬಾರ್ ಅನ್ನು ನಮ್ಮ ಹೋಟೆಲ್‌ಗಳಲ್ಲೇ ಮಾಡಿ ಕೊಡಬೇಕು ಎಂಬುದು ನಮ್ಮ ಅಭಿಪ್ರಾಯ. ಕೊಡುವುದಷ್ಟೇ ಅಲ್ಲ, ಮಾಡುವ ಕ್ರಮವನ್ನೂ ಗಿರಾಕಿಗಳಿಗೆ ಹೇಳಿಕೊಡಬೇಕು. ಯಾಕೆ ಎಂದು ಕೇಳುವವರು ದಯವಿಟ್ಟು ಕೊನೆಯವರೆಗೆ ಓದಬೇಕಾಗಿ ವಿನಂತಿ.

ನಮ್ಮ ಹೋಟೆಲ್ ಇರುವುದು ಚೆನ್ನೈನ ಪೆರಂಬೂರಿನಲ್ಲಿ. ಇದು ರೈಲ್ವೆಯವರ ಊರು. ೧೯೫೫ರ ಅಕ್ಟೋಬರ್ ೨ರಂದು ನೆಹರೂ ಅವರು ಉದ್ಘಾಟಿಸಿದ ರೈಲು ಬೋಗಿ ಕಾರ್ಖಾನೆ, ಅಂದರೆ ಐಸಿಎಫ್, ಇಲ್ಲೇ ಇದೆ. ಈಗ ದೇಶವೆಲ್ಲ ಓಡಾಡುವ ವಂದೇ ಭಾರತ್ ರೈಲಿನ ಮೊದಲ ಗಾಡಿ ೨೦೧೮ರಲ್ಲಿ ಹೊರಬಂದದ್ದು ಇಲ್ಲಿಂದಲೇ. ಕಾರ್ಖಾನೆ, ವರ್ಕ್‌ಶಾಪ್, ರೈಲ್ವೆ ಆಸ್ಪತ್ರೆ ಎಂದು ಇಲ್ಲಿಯ ಜನ ಬೆಳಿಗ್ಗೆ ಬೇಗ ಏಳುವವರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳು ಬಹಳ. ಬೆಳಿಗ್ಗೆ ಏಳರಿಂದ ಎಂಟರವರೆಗೆ ನಮ್ಮ ಪಾರ್ಸೆಲ್ ಕೌಂಟರಿನಲ್ಲಿ ನಿಲ್ಲುವವರಲ್ಲಿ ಅರ್ಧಕ್ಕರ್ಧ ಜನ ಕೈಯಲ್ಲಿ ಮಕ್ಕಳ ಡಬ್ಬಿ ಹಿಡಿದುಕೊಂಡೇ ಬರುತ್ತಾರೆ. ಇಡ್ಲಿಯನ್ನೋ ಲೆಮನ್ ರೈಸನ್ನೋ ನೇರವಾಗಿ ಡಬ್ಬಿಗೇ ಹಾಕಿಸಿಕೊಳ್ಳುತ್ತಾರೆ.

ಈಗಿನ ಡಬ್ಬಿಗಳನ್ನು ನೀವೂ ನೋಡಿರಬಹುದು. ಒಳಗೆ ಎರಡು ಖಾನೆ. ದೊಡ್ಡ ಖಾನೆ ಮಧ್ಯಾಹ್ನದ ಊಟಕ್ಕೆ, ಸಣ್ಣ ಖಾನೆ ಹತ್ತೂವರೆ ಗಂಟೆಯ ಸಣ್ಣ ಬಿಡುವಿಗೆ. ದೊಡ್ಡ ಖಾನೆಯನ್ನು ನಾವು ತುಂಬುತ್ತೇವೆ. ಸಣ್ಣ ಖಾನೆಯನ್ನು ಯಾರು ತುಂಬುತ್ತಾರೆ? ಪಕ್ಕದ ಅಂಗಡಿಯ ಪ್ಯಾಕೆಟ್. ಬಿಸ್ಕತ್ತು, ಕ್ರೀಮ್ ಬನ್, ಕೇಕ್ ತುಂಡು, ಇಲ್ಲವೇ ಬಣ್ಣದ ಕಾಗದದಲ್ಲಿ ಸುತ್ತಿದ ಬಾರ್. ತಾಯಂದಿರಿಗೆ ಇದು ಇಷ್ಟ ಎಂದಲ್ಲ. ಸಣ್ಣ ಬಿಡುವು ಇರುವುದು ಹತ್ತು ನಿಮಿಷ. ಅಷ್ಟರಲ್ಲಿ ಮಗು ಶೌಚಾಲಯಕ್ಕೂ ಹೋಗಬೇಕು, ಆಟವನ್ನೂ ಆಡಬೇಕು, ತಿನ್ನಲೂ ಬೇಕು. ಚಮಚ ಬೇಕಾದದ್ದು, ಸೋರುವಂಥದ್ದು, ಕೈಗೆ ಎಣ್ಣೆ ಹತ್ತುವಂಥದ್ದು ನಡೆಯುವುದಿಲ್ಲ. ಇಡ್ಲಿ, ವಡೆ, ದೋಸೆ ಯಾವುದೂ ಆ ಖಾನೆಗೆ ಸರಿಹೊಂದುವುದಿಲ್ಲ. ಒಣಗಿರಬೇಕು, ಮೆತ್ತಗಿರಬೇಕು, ಒಂದು ಕೈಯಲ್ಲಿ ಹಿಡಿದು ಓಡುತ್ತ ತಿನ್ನುವಂತಿರಬೇಕು. ಈ ಕೊರತೆಯನ್ನು ಪ್ಯಾಕೆಟ್ ಕಂಪನಿಗಳು ನಮಗಿಂತ ಮೊದಲು ಕಂಡುಕೊಂಡವು.

ಇದು ಸಣ್ಣ ವ್ಯಾಪಾರ ಎಂದು ತಿಳಿಯಬೇಡಿ. ಬೆಂಗಳೂರಿನಲ್ಲಿ ಅಕ್ಕತಂಗಿಯರು ಸೇರಿ ಶುರು ಮಾಡಿದ ಯೋಗ ಬಾರ್ ಎಂಬ ಸಂಸ್ಥೆಯನ್ನು ಕೊಳ್ಳಲು ಐಟಿಸಿಯಂತಹ ದೈತ್ಯ ಕಂಪನಿ ೨೦೨೩ರಲ್ಲಿ ಒಪ್ಪಂದ ಮಾಡಿಕೊಂಡಿತು. ಓಟ್ಸ್, ಬೀಜ, ಒಣಹಣ್ಣುಗಳ ಬಾರಿನಿಂದ ಬೆಳೆದ ಸಂಸ್ಥೆ ಅದು. ಸಿಗರೇಟು, ಗೋಧಿಹಿಟ್ಟು ಮಾರುವ, ಆಗ ದೊಡ್ಡ ದೊಡ್ಡ ಹೋಟೆಲ್‌ಗಳನ್ನೂ ನಡೆಸುತ್ತಿದ್ದ ಕಂಪನಿಗೆ ಈ ಬಾರಿನಲ್ಲಿ ವ್ಯಾಪಾರ ಕಂಡಿತು. ದಿನಾ ಬೆಳಿಗ್ಗೆ ಡಬ್ಬಿಯನ್ನು ಕಣ್ಣಾರೆ ನೋಡುವ ನಮಗೆ ಮಾತ್ರ ಕಾಣಲಿಲ್ಲ.

ಕೆಲವು ಸಮಯದ ಹಿಂದೆ ಒಂದು ಕಂಪನಿಯ ಪ್ರತಿನಿಧಿ ನಮ್ಮಲ್ಲಿಗೂ ಬಂದಿದ್ದರು. ಗಲ್ಲಾದ ಪಕ್ಕ ಒಂದು ಚಂದದ ರ್ಯಾಕ್ ಇಡುತ್ತೇವೆ, ಮಾಲು ನಾವೇ ತುಂಬುತ್ತೇವೆ, ಖರ್ಚಾಗದಿದ್ದರೆ ವಾಪಸ್ ತೆಗೆದುಕೊಳ್ಳುತ್ತೇವೆ, ತಿಂಗಳಿಗೆ ಇಷ್ಟು ಎಂದು ಜಾಗದ ಬಾಡಿಗೆಯನ್ನೂ ಕೊಡುತ್ತೇವೆ ಎಂದರು. ಕೂತಲ್ಲೇ ಬರುವ ದುಡ್ಡು. ನಾವು ಒಂದು ಬಾರ್ ತೆಗೆದು ಹಿಂದುಗಡೆ ತಿರುಗಿಸಿ ಓದಿದೆವು. ಪ್ಯಾಕೆಟ್ಟಿನ ಮೇಲೆ ಸಾಮಗ್ರಿಗಳ ಹೆಸರನ್ನು ಯಾವುದು ಹೆಚ್ಚು ಇದೆಯೋ ಅದನ್ನು ಮೊದಲು ಬರೆಯಬೇಕು ಎಂಬುದು ಎಫ್‌ಎಸ್‌ಎಸ್‌ಎಐ ನಿಯಮ. ಮುಂದುಗಡೆ ದೊಡ್ಡ ಅಕ್ಷರದಲ್ಲಿ ಹಣ್ಣಿನ ಚಿತ್ರ. ಹಿಂದುಗಡೆ ಮೊದಲು ಸಕ್ಕರೆ, ಆಮೇಲೆ ಗ್ಲೂಕೋಸ್ ಪಾಕ, ತಾಳೆಎಣ್ಣೆ. ಹಣ್ಣು ಎಂಬುದು ಕೊನೆಯ ಸಾಲಿನಲ್ಲಿ, ಅದೂ ಪುಡಿಯ ರೂಪದಲ್ಲಿ. ನಾವು ರ್ಯಾಕ್ ಬೇಡ ಎಂದೆವು. ಎಲ್ಲ ಕಂಪನಿಯ ಬಾರೂ ಹೀಗೇ ಇರುತ್ತದೆ ಎಂದು ನಾವು ಹೇಳುವುದಿಲ್ಲ; ಒಳ್ಳೆಯದನ್ನು ಮಾಡುವವರೂ ಇದ್ದಾರೆ. ಆದರೆ ನಮ್ಮ ಬೋರ್ಡಿನ ಕೆಳಗೆ, ನಮ್ಮ ಗಲ್ಲಾದ ಪಕ್ಕ ಇಟ್ಟದ್ದನ್ನು ಗಿರಾಕಿ ನಮ್ಮ ಮಾಲು ಎಂದೇ ನಂಬಿ ಒಯ್ಯುತ್ತಾರೆ. ಆ ನಂಬಿಕೆಯನ್ನು ತಿಂಗಳ ಬಾಡಿಗೆಗೆ ಕೊಡುವ ಹಕ್ಕು ನಮಗಿದೆಯೇ ಎಂದು ಎಲ್ಲರೂ ಯೋಚಿಸಬೇಕು.

ಸರ್ಕಾರವೂ ಈ ವಿಷಯದಲ್ಲಿ ಸುಮ್ಮನೆ ಕೂತಿಲ್ಲ. ಶಾಲಾ ಮಕ್ಕಳ ಆಹಾರದ ಬಗ್ಗೆ ಎಫ್‌ಎಸ್‌ಎಸ್‌ಎಐ ೨೦೨೦ರಲ್ಲಿ ನಿಯಮ ಮಾಡಿತು. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಾಗಿರುವ ತಿನಿಸುಗಳನ್ನು ಶಾಲೆಯ ಕ್ಯಾಂಟೀನಿನಲ್ಲಿ ಮಾತ್ರವಲ್ಲ, ಶಾಲೆಯ ೫೦ ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದು ಎಂದು ಅದರಲ್ಲಿದೆ. ನಮ್ಮಲ್ಲಿ ಎಷ್ಟೋ ಹೋಟೆಲ್‌ಗಳು ಶಾಲೆಯ ಗೇಟಿನ ಎದುರೇ ಇವೆ. ೨೦೨೫ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಲ್ಲಿ ‘ಶುಗರ್ ಬೋರ್ಡ್’ ಹಾಕಬೇಕೆಂದು ಸೂಚಿಸಿತು. ಯಾವ ತಿನಿಸಿನಲ್ಲಿ, ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಇದೆ ಎಂದು ಮಕ್ಕಳಿಗೇ ತೋರಿಸುವ ಬೋರ್ಡು. ಮಕ್ಕಳು ಮನೆಗೆ ಬಂದು ಅಪ್ಪ ಅಮ್ಮನನ್ನು ಕೇಳುವ ಕಾಲ ಇದು. ನಾಳೆ ನಮ್ಮನ್ನೂ ಕೇಳುತ್ತಾರೆ. ಉತ್ತರ ಇಟ್ಟುಕೊಂಡಿರುವುದು ಒಳ್ಳೆಯದು.

ಸರ್ಕಾರಿ ಶಾಲೆಯ ಮಕ್ಕಳ ಬೆಳಗಿನ ಹೊಟ್ಟೆಯನ್ನು ತಮಿಳುನಾಡು ಸರ್ಕಾರ ೨೦೨೨ರ ಸೆಪ್ಟೆಂಬರಿನಲ್ಲಿ ಶುರುವಾದ ಬೆಳಗಿನ ಉಪಾಹಾರ ಯೋಜನೆಯಿಂದ ನೋಡಿಕೊಳ್ಳಲು ಹೊರಟಿತು. ಅದರ ಮೆನು ಏನು ಗೊತ್ತೇ? ಉಪ್ಪಿಟ್ಟು, ಪೊಂಗಲ್, ಕಿಚಡಿ, ಸಾಂಬಾರು. ನಮ್ಮ ಹೋಟೆಲಿನ ತಿಂಡಿಯೇ! ಬಡವರ ಮಕ್ಕಳಿಗೆ ಬಿಸಿ ಉಪ್ಪಿಟ್ಟು, ದುಡಿದು ಫೀಸು ಕಟ್ಟುವವರ ಮಕ್ಕಳಿಗೆ ಆರು ತಿಂಗಳ ಹಳೆಯ ಪ್ಯಾಕೆಟ್ಟು ಎಂಬಂತಾಗಿದೆ.

ಓಟ್ಸ್ ಎಂದ ಕೂಡಲೇ ನಮ್ಮವರು ಮೂಗು ಮುರಿಯುತ್ತಾರೆ. ‘ಅದು ಕುದುರೆ ತಿನ್ನುವುದು, ನಮ್ಮ ಹೋಟೆಲಿಗೂ ಅದಕ್ಕೂ ಏನು ಸಂಬಂಧ?’ ಎಂದು ಒಬ್ಬ ಹಿರಿಯರು ನಮ್ಮನ್ನೇ ಕೇಳಿದ್ದರು. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ನಮ್ಮ ದೇಶದಲ್ಲಿ ಓಟ್ಸ್ ಬೆಳೆಯುವುದು ಬಹುಪಾಲು ಉತ್ತರ ಭಾರತದಲ್ಲಿ, ಅದೂ ದನಕರುಗಳ ಮೇವಿಗಾಗಿ. ತಿನ್ನುವ ಓಟ್ಸ್ ಹೆಚ್ಚಾಗಿ ಹೊರದೇಶದಿಂದ ಬರುತ್ತದೆ. ಕಾಳನ್ನು ಹಬೆಯಲ್ಲಿ ಬೇಯಿಸಿ, ರೋಲರಿನಲ್ಲಿ ಚಪ್ಪಟೆ ಮಾಡಿ ಒಣಗಿಸುತ್ತಾರೆ. ಭತ್ತವನ್ನು ನೆನೆಸಿ ಹುರಿದು ಕುಟ್ಟಿ ಅವಲಕ್ಕಿ ಮಾಡುವುದಕ್ಕೂ ಇದಕ್ಕೂ ದೂರದ ನೆಂಟಸ್ತಿಕೆ ಇದೆ. ಇಂಗ್ಲೆಂಡಿನ ಮನೆಗಳಲ್ಲಿ ಓಟ್ಸ್, ಬೆಣ್ಣೆ, ಸಕ್ಕರೆಪಾಕ ಸೇರಿಸಿ ತಟ್ಟೆಯಲ್ಲಿ ಬೇಯಿಸಿ ಕತ್ತರಿಸುವ ‘ಫ್ಲ್ಯಾಪ್‌ಜ್ಯಾಕ್’ ಎಂಬ ತಿನಿಸು ಹಳೆಯದು. ನಾವು ಹೇಳುತ್ತಿರುವ ಬಾರು ಅದರ ತಮ್ಮ, ಸಕ್ಕರೆಯ ಜಾಗದಲ್ಲಿ ಹಣ್ಣು ಬಂದಿದೆ ಅಷ್ಟೇ.

ಹೊಸ ಧಾನ್ಯ ಬಂದರೆ ಓಡಿಹೋಗುವವರು ನಮ್ಮ ಹಿರಿಯರಾಗಿರಲಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನವರು ರವೆಯಲ್ಲಿ ಇಡ್ಲಿ ಮಾಡಿದರು. ಇವತ್ತು ರವೆ ಇಡ್ಲಿ ಇಲ್ಲದ ಹೋಟೆಲ್ ಉಂಟೇ? ಇದೇ ಮದ್ರಾಸಿನಲ್ಲಿ ಕಡಂದಲೆ ಕೃಷ್ಣರಾಯರು ೧೯೩೮ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಶುರು ಮಾಡಿದರು. ಮುಂದೆ ೧೯೬೨ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್ ಇನ್ ಬಂತು. ಗಿರಾಕಿ ಕಾರಿನಿಂದ ಇಳಿಯದಿದ್ದರೆ ತಟ್ಟೆಯೇ ಕಾರಿಗೆ ಹೋಗಲಿ ಎಂಬ ಯೋಚನೆ. ೨೦೦೮ರಲ್ಲಿ ಅದು ಮುಚ್ಚುವವರೆಗೂ ಜನ ಅಲ್ಲಿ ಹೋಗುತ್ತಿದ್ದರು, ಈಗಲೂ ನೆನಪು ಮಾಡಿಕೊಳ್ಳುತ್ತಾರೆ. ಗಿರಾಕಿಯ ಕಾರಿಗೆ ತಟ್ಟೆ ಕಳಿಸಿದ ನಾವು ಗಿರಾಕಿಯ ಮಗುವಿನ ಡಬ್ಬಿಗೆ ಒಂದು ತುಂಡು ಕಳಿಸಲಾರೆವೇ?

ಬೇಯಿಸುವುದೂ ನಮಗೆ ಹೊಸತಲ್ಲ. ಮೇಲೆ ಕೆಂಡ, ಕೆಳಗೆ ಕೆಂಡ ಇಟ್ಟು ಬೇಯಿಸುವ ಗೆಂಡದಡ್ಯೆಯನ್ನು ತುಳುನಾಡಿನವರು ಯಾವ ಬೇಕರಿ ಕೋರ್ಸಿಗೆ ಹೋಗಿ ಕಲಿತರು? ಬಾರ್ ಎಂಬುದೂ ನಮ್ಮಲ್ಲಿ ಇದ್ದದ್ದೇ. ಎಳ್ಳುಂಡೆ, ಪುರಿ ಉಂಡೆ, ನೆಲಗಡಲೆ ಚಿಕ್ಕಿ ಇವೆಲ್ಲ ಅದರ ಹಿರಿಯಣ್ಣಂದಿರು. ತಮಿಳುನಾಡಿನ ಕೋವಿಲ್‌ಪಟ್ಟಿಯ ಕಡಲೆ ಮಿಠಾಯಿಗೆ ೨೦೨೦ರಲ್ಲಿ ಜಿಐ ಮಾನ್ಯತೆಯೇ ಸಿಕ್ಕಿತು. ಹಾಗಾದರೆ ಚಿಕ್ಕಿಯನ್ನೇ ಕೊಡಬಾರದೇ ಎಂದು ಕೇಳಬಹುದು. ದೊಡ್ಡವರಿಗೆ ಕೊಡಿ. ಸಣ್ಣ ಮಕ್ಕಳ ಹಲ್ಲಿಗೆ ಅದು ಗಟ್ಟಿ, ಬೆಲ್ಲದ ಪಾಲೂ ಹೆಚ್ಚು, ಇಡೀ ಕಾಳು ಗಂಟಲಿಗೆ ಸಿಕ್ಕುವ ಭಯವೂ ಇದೆ. ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುತ್ತಿದ್ದರು. ೨೦೨೫ರಲ್ಲಿ ಶಿಕ್ಷಣ ಇಲಾಖೆ ಚಿಕ್ಕಿಯನ್ನು ಕೈಬಿಟ್ಟಿತು. ಎಲ್ಲೋ ಮಾಡಿ, ಎಲ್ಲೋ ಇಟ್ಟು, ಯಾವಾಗಲೋ ಹಂಚಿದರೆ ಒಳ್ಳೆಯ ತಿನಿಸೂ ಕೆಡುತ್ತದೆ. ನಿನ್ನೆ ರಾತ್ರಿ ಮಾಡಿ ಇವತ್ತು ಬೆಳಿಗ್ಗೆ ಕೊಡುವುದು ನಮ್ಮಂತಹ ಸಣ್ಣ ಹೋಟೆಲ್‌ಗಳಿಗೆ ಮಾತ್ರ ಸಾಧ್ಯ. ನಮ್ಮ ಬಲವೇ ಅದು.

ಮಾಡುವ ಕ್ರಮ

ಇನ್ನು ಕೆಲಸದ ಮಾತಿಗೆ ಬರೋಣ. ಒಂದು ಅಡಿ ಚದರದ ತಟ್ಟೆಗೆ ನಮ್ಮ ಅಳತೆ ಹೀಗಿದೆ: ಓಟ್ಸ್ ೫೦೦ ಗ್ರಾಂ, ಸಿಪ್ಪೆ ತೆಗೆದ ಚೆನ್ನಾಗಿ ಕಳಿತ ಬಾಳೆಹಣ್ಣು ೫೦೦ ಗ್ರಾಂ, ಬೀಜ ತೆಗೆದ ಖರ್ಜೂರ ೨೫೦ ಗ್ರಾಂ, ಒಣದ್ರಾಕ್ಷಿ ೧೦೦ ಗ್ರಾಂ, ಪುಡಿಬೆಲ್ಲ ೧೦೦ ಗ್ರಾಂ, ತರಿಯಾಗಿ ಪುಡಿ ಮಾಡಿದ ಹುರಿಗಡಲೆ ೧೦೦ ಗ್ರಾಂ, ಎಳ್ಳು ೫೦ ಗ್ರಾಂ, ತುಪ್ಪ ಅಥವಾ ಬೆಣ್ಣೆ ೧೦೦ ಗ್ರಾಂ, ಒಂದು ಚಮಚ ಉಪ್ಪು, ಏಲಕ್ಕಿ ಅಥವಾ ಶುಂಠಿಪುಡಿ ರುಚಿಗೆ. ಮೊಟ್ಟೆ ಬೇಡ, ಮೈದಾ ಬೇಡ, ಸೋಡಾ ಬೇಡ. ಬೇಯುತ್ತಲೇ ಉಬ್ಬಬೇಕಾದ ತಿನಿಸು ಇದಲ್ಲ.

ಓಟ್ಸನ್ನು ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಆರೇಳು ನಿಮಿಷ ಘಮ್ಮೆನ್ನುವವರೆಗೆ ಹುರಿಯಿರಿ. ಇದನ್ನು ಬಿಡಬೇಡಿ, ಹುರಿಯದ ಓಟ್ಸ್ ಬಾರಿನಲ್ಲಿ ಹಿಟ್ಟುಹಿಟ್ಟಾಗುತ್ತದೆ. ಖರ್ಜೂರವನ್ನು ಒಂದು ಲೋಟದ ಅರ್ಧ ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ಆ ನೀರಿನ ಸಮೇತ ಬಾಳೆಹಣ್ಣಿನ ಜೊತೆ ರುಬ್ಬಿ. ಬೆಲ್ಲ, ಕರಗಿಸಿದ ತುಪ್ಪ ಸೇರಿಸಿ. ಉಳಿದದ್ದನ್ನೆಲ್ಲ ಹಾಕಿ ಕಲಸಿ ಕಾಲು ಗಂಟೆ ಹಾಗೇ ಬಿಡಿ. ಓಟ್ಸ್ ನೀರು ಕುಡಿದು ಅಂಟಿಕೊಳ್ಳಲು ಆ ಸಮಯ ಬೇಕು. ತಟ್ಟೆಗೆ ಬೆಣ್ಣೆಕಾಗದ ಹಾಕಿ, ಸುಮಾರು ಮುಕ್ಕಾಲು ಅಂಗುಲ ದಪ್ಪಕ್ಕೆ ಹರಡಿ, ಬಟ್ಟಲಿನ ತಳದಿಂದ ಗಟ್ಟಿಯಾಗಿ ಒತ್ತಿ. ಒತ್ತುವುದು ಸಾಲದಿದ್ದರೆ ಕತ್ತರಿಸುವಾಗ ಉದುರುತ್ತದೆ. ೧೭೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ೩೦ರಿಂದ ೩೫ ನಿಮಿಷ. ಅಂಚು ಕಂದು ಬಣ್ಣಕ್ಕೆ ಬಂದರೆ ಸಾಕು.

ಮುಖ್ಯವಾದ ಮಾತು ಇನ್ನು ಬರುತ್ತದೆ. ಬಿಸಿಯಿರುವಾಗ ಕತ್ತರಿಸಬೇಡಿ, ಬಿಸಿಯಿರುವಾಗ ಪ್ಯಾಕ್ ಮಾಡಲೇಬೇಡಿ. ಬಿಸಿ ಬಾರು ಪುಡಿಯಾಗುತ್ತದೆ, ಬಿಸಿಯಲ್ಲೇ ಕಟ್ಟಿದರೆ ಒಳಗೆ ಬೆವರು ಇಳಿದು ಬೂಸು ಹಿಡಿಯುತ್ತದೆ. ಚೆನ್ನೈಯ ಹವೆಯಲ್ಲಂತೂ ಕೇಳುವುದೇ ಬೇಡ. ರಾತ್ರಿ ಬೇಯಿಸಿ, ಆರಿದ ಮೇಲೆ ಮುಚ್ಚಿಟ್ಟು, ಬೆಳಿಗ್ಗೆ ಒಂದು ಕಡೆ ನಾಲ್ಕು ಪಾಲು, ಇನ್ನೊಂದು ಕಡೆ ಒಂಬತ್ತು ಪಾಲು ಮಾಡಿ ಕತ್ತರಿಸಿ. ೩೬ ತುಂಡು, ತಲಾ ಸುಮಾರು ೪೦ ಗ್ರಾಂ. ಹಸಿ ಹಣ್ಣು ಇರುವುದರಿಂದ ಹೊರಗೆ ಎರಡು ದಿನಕ್ಕಿಂತ ಹೆಚ್ಚು ಇಡಬಾರದು. ನಾವು ಎರಡನೇ ದಿನ ಸಂಜೆ ಉಳಿದದ್ದನ್ನು ಕೆಲಸದವರಿಗೆ ಚಹಾದ ಜೊತೆ ಕೊಟ್ಟುಬಿಡುತ್ತೇವೆ. ಮೂರನೇ ದಿನಕ್ಕೆ ಇಡುವ ಮಾತೇ ಇಲ್ಲ.

ಓವನ್ ಇಲ್ಲದವರು ಯೋಚಿಸಬೇಡಿ. ಪೆರಂಬೂರಿನಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ಹಿಂದಿನಿಂದ ಇವೆ. ಕ್ರಿಸ್‌ಮಸ್ ಕಾಲದಲ್ಲಿ ಮನೆಯಲ್ಲೇ ಕೇಕಿನ ಹಿಟ್ಟು ಕಲಸಿ, ತಟ್ಟೆಯನ್ನು ಹತ್ತಿರದ ಬೇಕರಿಗೆ ಒಯ್ದು ಬೇಯಿಸಿಕೊಂಡು ಬರುವುದು ಅಂತಹ ಮನೆಗಳ ಹಳೆಯ ಪದ್ಧತಿ. ನಾವೂ ಅದನ್ನೇ ಮಾಡಬಹುದು. ಬೇಕರಿಯವರ ಬ್ರೆಡ್ ಕೆಲಸ ಮುಗಿದ ಮೇಲೆ ಓವನ್ನಿನಲ್ಲಿ ಉಳಿಯುವ ಕಾವು ನಮ್ಮ ನಾಲ್ಕು ತಟ್ಟೆಗೆ ಸಾಕು. ಅವರಿಗೂ ನಾಲ್ಕು ಕಾಸು ಸಿಗುತ್ತದೆ. ಮನೆಯಲ್ಲಿ ಮಾಡುವವರು ಮೇಲಿನ ಅಳತೆಯ ಕಾಲು ಭಾಗ ತೆಗೆದುಕೊಂಡು ತುಪ್ಪ ಸವರಿದ ದಪ್ಪ ತಳದ ಬಾಣಲೆಯಲ್ಲಿ ಮುಚ್ಚಿ, ತೀರಾ ಸಣ್ಣ ಉರಿಯಲ್ಲಿ ಎರಡೂ ಬದಿ ಬೇಯಿಸಿದರೂ ಆಗುತ್ತದೆ. ಓಟ್ಸ್ ದುಬಾರಿ ಎನಿಸಿದರೆ ಅರ್ಧ ಓಟ್ಸ್, ಅರ್ಧ ಕೆಂಪು ಅವಲಕ್ಕಿ ಹಾಕಿ. ನಮ್ಮ ನಾಲಿಗೆಗೆ ಅದೇ ಹೆಚ್ಚು ಹಿಡಿಸಿದೆ.

ಸುಳ್ಳು ಬೋರ್ಡು ಬೇಡ

ಈ ಬಾರು ಮಾರಲು ಹೊರಟವರು ಒಂದು ಪ್ರಲೋಭನೆಗೆ ಬೀಳುವ ಭಯವಿದೆ. ‘ಸಕ್ಕರೆ ಇಲ್ಲ’, ‘ಆರೋಗ್ಯದ ಬಾರ್’, ‘ಬುದ್ಧಿಶಕ್ತಿಗೆ’ ಎಂದೆಲ್ಲ ಬೋರ್ಡು ಬರೆಸುವುದು. ದಯವಿಟ್ಟು ಬೇಡ. ಬೆಲ್ಲವೂ ಸಕ್ಕರೆಯ ಅಣ್ಣನೇ. ಖರ್ಜೂರ, ದ್ರಾಕ್ಷಿಯಲ್ಲೂ ಸಿಹಿ ಇದೆ. ನಾವು ಹತ್ತನೇ ಕ್ಲಾಸಿನ ಗಣಿತದಲ್ಲೇ ಲೆಕ್ಕ ಹಾಕಿದ್ದೇವೆ. ಒಂದು ತಟ್ಟೆಯಲ್ಲಿ ಬಾಳೆಹಣ್ಣಿನ ಸಿಹಿ ಸುಮಾರು ೬೦ ಗ್ರಾಂ, ಖರ್ಜೂರದ್ದು ೧೬೦, ದ್ರಾಕ್ಷಿಯದ್ದು ೬೦, ಬೆಲ್ಲದ್ದು ೯೦. ಒಟ್ಟು ೩೭೦ ಗ್ರಾಂ. ೩೬ ತುಂಡಿಗೆ ಹಂಚಿದರೆ ತಲಾ ಹತ್ತು ಗ್ರಾಂ, ಅಂದರೆ ಎರಡು ಸಣ್ಣ ಚಮಚ. ಅದರಲ್ಲಿ ನಾವು ಹೊರಗಿನಿಂದ ಹಾಕಿದ ಬೆಲ್ಲದ ಪಾಲು ಎರಡೂವರೆ ಗ್ರಾಂ. ಉಳಿದದ್ದು ಹಣ್ಣಿನದು, ನಾರಿನ ಜೊತೆ ಬರುವಂಥದ್ದು. ಇದನ್ನು ಹೀಗೆಯೇ ಬರೆದು ಕೌಂಟರಿನಲ್ಲಿ ಅಂಟಿಸಿ. ‘ಒಂದು ತುಂಡಿನಲ್ಲಿ ಎರಡು ಚಮಚ ಸಿಹಿ ಇದೆ, ಮಗುವಿಗೆ ದಿನಕ್ಕೆ ಒಂದು ಸಾಕು’ ಎಂದು ಬರೆದ ಹೋಟೆಲನ್ನು ತಾಯಿ ನಂಬುತ್ತಾಳೆ. ಒಂದು ಸಾಕು ಎಂದರೆ ವ್ಯಾಪಾರ ಕಡಿಮೆಯಾಗುವುದಿಲ್ಲ. ದಿನಾ ಒಂದರಂತೆ ವರ್ಷವಿಡೀ ನಡೆಯುತ್ತದೆ.

ಎರಡನೆಯದು, ಅಲರ್ಜಿ. ಕೆಲವು ಮಕ್ಕಳಿಗೆ ನೆಲಗಡಲೆ, ಗೋಡಂಬಿ ಆಗುವುದಿಲ್ಲ. ಒಂದು ಮಗು ತಂದದ್ದನ್ನು ನಾಲ್ಕು ಮಕ್ಕಳು ಹಂಚಿ ತಿನ್ನುತ್ತಾರೆ. ಅದಕ್ಕೇ ನಮ್ಮ ಅಳತೆಯಲ್ಲಿ ಹುರಿಗಡಲೆ ಇಟ್ಟದ್ದು. ನೆಲಗಡಲೆ ಹಾಕಿದ ಬಾರು ಮಾಡುವವರು ಅದರ ತಟ್ಟೆ, ಚಾಕು ಬೇರೆ ಇಡಿ, ಹೆಸರನ್ನು ದೊಡ್ಡದಾಗಿ ಬರೆಯಿರಿ. ಓಟ್ಸ್, ಹಾಲಿನ ಪದಾರ್ಥಗಳು ಕೂಡ ಎಫ್‌ಎಸ್‌ಎಸ್‌ಎಐಯ ಅಲರ್ಜಿ ಪಟ್ಟಿಯಲ್ಲಿವೆ, ಅವನ್ನೂ ಬರೆಯಬೇಕು. ಮಾಡಿದ ದಿನ, ತಿನ್ನಬೇಕಾದ ಕೊನೆಯ ದಿನ ಎರಡೂ ಇರಲಿ. ಬಿಡಿ ಸಿಹಿತಿಂಡಿಗೇ ೨೦೨೦ರ ಅಕ್ಟೋಬರಿನಿಂದ ಕೊನೆಯ ದಿನಾಂಕ ತೋರಿಸಬೇಕೆಂಬ ನಿಯಮ ಬಂದಿದೆ, ಇದಕ್ಕೆ ಹಿಂಜರಿಕೆ ಯಾಕೆ? ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿ ಮಾರುವವರು ತಮ್ಮ ಲೈಸೆನ್ಸಿನಲ್ಲಿ ಬೇಕರಿ ಪದಾರ್ಥಗಳ ವಿಭಾಗ ಇದೆಯೇ ಎಂದು ನೋಡಿಕೊಳ್ಳಬೇಕು. ಬಿಸ್ಕತ್ತು, ಕೇಕ್‌ಗಳ ಜಿಎಸ್‌ಟಿ ೨೦೨೫ರ ಸೆಪ್ಟೆಂಬರ್ ೨೨ರಿಂದ ಶೇಕಡಾ ೧೮ರಿಂದ ೫ಕ್ಕೆ ಇಳಿದಿದೆ. ನಿಮ್ಮ ಬಾರು ಯಾವ ಲೆಕ್ಕಕ್ಕೆ ಬರುತ್ತದೆ ಎಂದು ಆಡಿಟರನ್ನು ಒಮ್ಮೆ ಕೇಳಿಕೊಳ್ಳಿ.

ಗುಟ್ಟು ಬಿಟ್ಟುಕೊಟ್ಟರೆ ನಷ್ಟವೇ?

ನಮ್ಮ ಬಾಂಧವರಲ್ಲಿ ಕೆಲವರು ಎತ್ತುವ ಆಕ್ಷೇಪ ಎರಡು. ಒಂದು, ಇದರಲ್ಲಿ ಲಾಭ ಕಡಿಮೆ. ಹೌದು, ಕಡಿಮೆಯೇ. ಒಂದು ತಟ್ಟೆ ಕಾಫಿಗೆ ಸಮ ಅಲ್ಲ. ಖರ್ಜೂರ, ಓಟ್ಸ್ ಎರಡೂ ಅಗ್ಗವಲ್ಲ. ಆದರೆ ಕೆಲಸವೂ ಕಡಿಮೆ. ರಾತ್ರಿ ಅಡುಗೆಮನೆ ಖಾಲಿಯಾದ ಮೇಲೆ ಒಬ್ಬರು ಮುಕ್ಕಾಲು ಗಂಟೆ ನಿಂತರೆ ಎರಡು ತಟ್ಟೆಯ ಹಿಟ್ಟು ತಯಾರು. ಬೆಳಿಗ್ಗೆಯ ಗಡಿಬಿಡಿಯಲ್ಲಿ ಒಲೆ ಬೇಡ, ಭಟ್ಟರು ಬೇಡ. ಮಧ್ಯಾಹ್ನ ಉಳಿದ, ಕಪ್ಪಾಗಲು ಶುರುವಾದ ಬಾಳೆಹಣ್ಣು ನಷ್ಟಕ್ಕೆ ಹೋಗದೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಬಾರಿಗೆ ಬಂದ ತಾಯಿ ಇಡ್ಲಿಯನ್ನೂ ಒಯ್ಯುತ್ತಾಳೆ, ಅವಸರದಲ್ಲಿ ಒಂದು ಕಾಫಿಯನ್ನೂ ಕುಡಿಯುತ್ತಾಳೆ. ಲಾಭವನ್ನು ತುಂಡಿನ ಮೇಲೆ ಲೆಕ್ಕ ಹಾಕಬಾರದು, ಮನೆಯ ಮೇಲೆ ಲೆಕ್ಕ ಹಾಕಬೇಕು.

ಎರಡನೇ ಆಕ್ಷೇಪ ದೊಡ್ಡದು. ಮಾಡುವ ಕ್ರಮವನ್ನು ಕೌಂಟರಿನಲ್ಲೇ ಹೇಳಿಕೊಟ್ಟರೆ ಎಲ್ಲರೂ ಮನೆಯಲ್ಲೇ ಮಾಡಿಕೊಳ್ಳುತ್ತಾರೆ, ನಮ್ಮಲ್ಲಿಗೆ ಯಾಕೆ ಬರುತ್ತಾರೆ ಎಂಬುದು. ನಾವು ಕೇಳುವುದಿಷ್ಟೇ. ದೋಸೆ ಮಾಡಲು ಬಾರದ ಮನೆ ಇದೆಯೇ? ಇಡ್ಲಿಪಾತ್ರೆ ಇಲ್ಲದ ಮನೆ ಇದೆಯೇ? ಆದರೂ ನೂರು ವರ್ಷದಿಂದ ಜನ ನಮ್ಮ ದೋಸೆ ಇಡ್ಲಿಗೆ ಸಾಲು ನಿಲ್ಲುತ್ತಾರೆ. ಮನೆಯಲ್ಲಿ ಮಾಡಲು ಗೊತ್ತಿರುವ ತಿಂಡಿಯನ್ನು ಮಾರಿಯೇ ನಮ್ಮ ಉದ್ಯಮ ನಿಂತಿರುವುದು. ಮನೆಯಲ್ಲಿ ಮಾಡಿ ನೋಡಿದವಳಿಗೇ ಅದರ ಶ್ರಮ, ಅದರ ಒಳ್ಳೆಯದು ಕೆಟ್ಟದ್ದು ಗೊತ್ತು. ಅಂಥವಳು ನಮ್ಮ ಬಾರನ್ನು ಬಾಯಿಗೆ ಹಾಕಿದ ಕೂಡಲೇ ಇದರಲ್ಲಿ ಖರ್ಜೂರ ಇದೆಯೇ, ಇಲ್ಲ ಸಕ್ಕರೆಪಾಕ ಸುರಿದಿದ್ದಾರೆಯೇ ಎಂದು ಹೇಳುತ್ತಾಳೆ. ಇಂತಹ ಗಿರಾಕಿ ಇದ್ದರೆ ನಾವು ಸರಿದಾರಿ ಬಿಡುವಂತಿಲ್ಲ.

ಭಾನುವಾರ ಪುರುಸೊತ್ತಿದ್ದಾಗ ಮನೆಯಲ್ಲೇ ಮಾಡಲಿ, ಮಕ್ಕಳ ಕೈಯಲ್ಲೂ ಹಿಟ್ಟು ಕಲಸಿಸಲಿ. ವಾರದ ಮಧ್ಯೆ ಡ್ಯೂಟಿಯ ಅವಸರದಲ್ಲಿ ನಮ್ಮಲ್ಲಿಗೆ ಬರಲಿ. ಮನೆಯವರಿಗೂ ನಮಗೂ ಇದರಲ್ಲಿ ಪೈಪೋಟಿ ಇಲ್ಲ. ನಮ್ಮಿಬ್ಬರ ಪೈಪೋಟಿ ಇರುವುದು ತಿಂಗಳುಗಟ್ಟಲೆ ಕೆಡದಂತೆ ಕಟ್ಟಿದ ಪ್ಯಾಕೆಟ್ಟಿನ ಜೊತೆ. ಗುಟ್ಟು ಮುಚ್ಚಿಟ್ಟುಕೊಂಡರೆ ನಾವೂ ಆ ಪ್ಯಾಕೆಟ್ಟಿನ ಸಾಲಿಗೇ ಸೇರುತ್ತೇವೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಮಾತಿದೆ, ಇದು ಲೆಕ್ಕದ ಪುಸ್ತಕದಲ್ಲಿ ಬರೆಯುವಂಥದ್ದಲ್ಲ. ಇವತ್ತು ನಮ್ಮ ಹೋಟೆಲಿಗೆ ಬರುವ ಐವತ್ತು ವರ್ಷದವರು ಯಾಕೆ ಬರುತ್ತಾರೆ? ಸಣ್ಣವರಿದ್ದಾಗ ಅಪ್ಪನ ಕೈಹಿಡಿದು ಬಂದು ನಮ್ಮ ಸಾಂಬಾರಿನ ರುಚಿ ಹತ್ತಿಸಿಕೊಂಡವರು ಅವರು. ಬಾಲ್ಯದಲ್ಲಿ ಹತ್ತಿದ ರುಚಿ ಸಾಯುವವರೆಗೂ ಬಿಡುವುದಿಲ್ಲ. ಈಗಿನ ಮಗುವಿನ ನಾಲಿಗೆಗೆ ಹತ್ತುತ್ತಿರುವುದು ಯಾವ ರುಚಿ? ಗ್ಲೂಕೋಸ್ ಪಾಕದ್ದು, ಎಸೆನ್ಸಿನದ್ದು. ಇನ್ನು ಇಪ್ಪತ್ತು ವರ್ಷ ಕಳೆದ ಮೇಲೆ ಆ ಮಗು ದೊಡ್ಡವನಾಗಿ ಹಸಿದಾಗ ಕಾಲು ಎತ್ತ ಕಡೆ ಹೋಗುತ್ತದೆ ಎಂದು ಯೋಚಿಸಿ ನೋಡಿ. ನಮ್ಮ ಮಕ್ಕಳು ಹೋಟೆಲ್ ನಡೆಸಲು ಒಪ್ಪುವುದಿಲ್ಲ ಎಂದು ಸಭೆಗಳಲ್ಲಿ ಅಳುತ್ತೇವೆ. ಊರಿನ ಮಕ್ಕಳು ಹೋಟೆಲಿಗೆ ಬರುವುದನ್ನೇ ಮರೆತರೆ ನಡೆಸಲು ಏನಾದರೂ ಉಳಿಯಬೇಕಲ್ಲ!

ಆದ್ದರಿಂದ ನಮ್ಮ ಸೂಚನೆ ಇಷ್ಟು. ಒಂದು, ಗಲ್ಲಾದ ಪಕ್ಕದ ಜಾಗವನ್ನು ಪ್ಯಾಕೆಟ್ ಕಂಪನಿಗೆ ಬಾಡಿಗೆಗೆ ಕೊಡುವ ಮೊದಲು ಸದಸ್ಯರು ಆ ಪ್ಯಾಕೆಟ್ಟಿನ ಹಿಂಭಾಗವನ್ನು ಒಮ್ಮೆ ಓದಬೇಕು. ಎರಡು, ಒಂದೇ ಬಡಾವಣೆಯ ಮೂರು ನಾಲ್ಕು ಹೋಟೆಲಿನವರು ಸೇರಿ ಸರದಿಯ ಮೇಲೆ ಬಾರು ಬೇಯಿಸಬಹುದು. ಒಬ್ಬರ ಓವನ್, ಎಲ್ಲರ ಕೌಂಟರ್. ಮೂರು, ಮಾಡುವ ಕ್ರಮವನ್ನು ಒಂದು ಸಣ್ಣ ಚೀಟಿಯಲ್ಲಿ ಅಚ್ಚು ಹಾಕಿಸಿ ಬಾರಿನ ಜೊತೆ ಕೊಡಬೇಕು, ಊರಿನ ಭಾಷೆಯಲ್ಲಿ. ನಾವು ಇಲ್ಲಿ ತಮಿಳಿನಲ್ಲಿ ಕೊಡುತ್ತೇವೆ, ಕೇಳಿದವರಿಗೆ ಕನ್ನಡದಲ್ಲೂ ಬರೆದುಕೊಡುತ್ತೇವೆ. ನಾಲ್ಕು, ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಅಡುಗೆಮನೆಯಲ್ಲಿ ಮಾಡಿದ ಒಂದು ತುಂಡು ತರಲಿ. ಕುಂದಾಪುರದವರು ಹಲಸಿನಹಣ್ಣು ಹಾಕಿ ನೋಡಲಿ, ಮೈಸೂರು ಕಡೆಯವರು ರಾಗಿ ಅವಲಕ್ಕಿ ಹಾಕಿ ನೋಡಲಿ. ಯಾರದ್ದು ಚೆನ್ನಾಗಿದೆ ಎಂದು ನಾವು ದೊಡ್ಡವರು ತೀರ್ಮಾನಿಸುವುದು ಬೇಡ. ಹತ್ತು ಮಕ್ಕಳನ್ನು ಕರೆದು ಕೂರಿಸೋಣ, ತಟ್ಟೆ ಯಾವುದು ಮೊದಲು ಖಾಲಿಯಾಗುತ್ತದೆಯೋ ಅದೇ ಗೆದ್ದಂತೆ.

ಒಂದು ಕಿಲೋ ಖರ್ಜೂರ, ಎರಡು ಕಿಲೋ ಓಟ್ಸ್ ತಂದರೆ ಪರೀಕ್ಷೆಗೆ ನಾಲ್ಕು ತಟ್ಟೆ ಆಗುತ್ತದೆ. ಸದಸ್ಯರು ಮಾಡಿ ನೋಡಿ, ಸರಿ 

ಕಂಡದ್ದನ್ನೂ ತಪ್ಪು ಕಂಡದ್ದನ್ನೂ ಪತ್ರಿಕೆಗೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ.